ಪದ ಪರಿಚಯ: ಎನ್‌ಡಿಟಿ, ಅಂದರೆ ಕೆಡಿಸದ ಪರೀಕ್ಷೆ

ಎನ್‌ಡಿಟಿ ಎಂದರೆ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್. ವಸ್ತುವನ್ನು ಕತ್ತರಿಸದೆ, ಮುರಿಯದೆ ಅದರಲ್ಲಿ ಕುಂದು ಇದೆಯೇ ಎಂದು ನೋಡುವ ಪರೀಕ್ಷೆ. ಉಕ್ಕು ಎಷ್ಟು ಗಟ್ಟಿ ಎಂದು ತಿಳಿಯಲು ಲ್ಯಾಬಿನಲ್ಲಿ ಒಂದು ತುಂಡನ್ನು ಹರಿಯುವ ತನಕ ಎಳೆಯುತ್ತಾರೆ. ನಿಂತಿರುವ ಸೇತುವೆಗೆ ಹಾಗೆ ಮಾಡಲಾಗದು, ಅಲ್ವಾ? ಅದನ್ನು ಲ್ಯಾಬಿಗೆ ಒಯ್ಯಲೂ ಆಗದು. ಉಪಕರಣವೇ ಸೇತುವೆ ಹತ್ತಬೇಕು.

ಹುಡುಕುವುದು ಮುಖ್ಯವಾಗಿ ಫ್ಯಾಟೀಗ್ ಬಿರುಕುಗಳನ್ನು. ಲಾರಿ ದಾಟಿದಾಗಲೆಲ್ಲ ಉಕ್ಕು ಚೂರು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಲಕ್ಷಾಂತರ ಸಲ ಹೀಗಾದ ಮೇಲೆ ವೆಲ್ಡಿಂಗಿನ ಅಂಚಿನಲ್ಲೋ ಬೋಲ್ಟಿನ ತೂತಿನ ಬದಿಯಲ್ಲೋ ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ. ಸುಮ್ನೆ ಕಣ್ಣಲ್ಲಿ ನೋಡಿದರೆ ಸಿಗುವುದು ಕಷ್ಟ.

ಇದಕ್ಕೆ ಜಾಸ್ತಿ ಬಳಸುವ ಉಪಕರಣ ಯೋಕ್. ಪದದ ಅರ್ಥ ನೊಗ, ಆಕಾರ ಮಾತ್ರ ತಲೆಕೆಳಗಾದ ‘ಯು’. ಕೈಯಲ್ಲಿ ಹಿಡಿಯುವ, ಎರಡು ಕಾಲಿನ ವಿದ್ಯುತ್ ಅಯಸ್ಕಾಂತ ಇದು. ಕಾಲುಗಳನ್ನು ಉಕ್ಕಿಗೆ ತಾಗಿಸಿ, ಸ್ವಿಚ್ ಒತ್ತಿ, ನಡುವೆ ನುಣ್ಣನೆಯ ಕಬ್ಬಿಣದ ಪುಡಿ ಉದುರಿಸುತ್ತಾರೆ. ಬಿರುಕು ಇದ್ದ ಕಡೆ ಕಾಂತಕ್ಷೇತ್ರ ಹೊರಗೆ ಸೋರುತ್ತದೆ. ಪುಡಿ ಅಲ್ಲೇ ಗೆರೆಯಾಗಿ ಕೂರುತ್ತದೆ. ಯೋಕ್‌ಗೆ ಬಲ ಸಾಕಷ್ಟಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಎಸಿ (ದಿಕ್ಕು ಬದಲಿಸುತ್ತಿರುವ) ಕರೆಂಟಿನ ಯೋಕ್ ಆದರೆ ಸುಮಾರು 4.5 ಕಿಲೋದ ಉಕ್ಕಿನ ಗಟ್ಟಿಯನ್ನು ಎತ್ತಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಹರಿಯುವ ಕಾಂತರೇಖೆಗಳಿಗೆ ಅಡ್ಡಲಾಗಿರುವ ಬಿರುಕು ಚೆನ್ನಾಗಿ ಕಾಣುತ್ತದೆ. ಅವುಗಳ ಜೊತೆಜೊತೆಗೇ ಸಾಗುವ ಬಿರುಕು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಯೋಕನ್ನು 90 ಡಿಗ್ರಿ ತಿರುಗಿಸಿ ಅದೇ ಜಾಗವನ್ನು ಮತ್ತೆ ನೋಡಬೇಕು. ಒಂದೇ ಸಲ ನೋಡಿ ‘ಏನೂ ಇಲ್ಲ’ ಎಂದು ಬರೆದರೆ, ನನ್ನ ಲೆಕ್ಕದಲ್ಲಿ ಅದು ಅರ್ಧ ಪರೀಕ್ಷೆ.

ದಪ್ಪ ಪೇಂಟ್ ಇದ್ದರೆ ಕೆರೆದು ತೆಗೆಯದೆ ಯೋಕ್ ಕೆಲಸ ನಡೆಯದು. ಎಡ್ಡಿ ಕರೆಂಟ್ ವಿಧಾನಕ್ಕೆ ಆ ತಾಪತ್ರಯ ಕಡಿಮೆ. ಪೆನ್ನಿನಷ್ಟು ದೊಡ್ಡ ಪ್ರೋಬಿನೊಳಗಿನ ಸುರುಳಿ ಲೋಹದಲ್ಲಿ ಸುಳಿಯಂಥ ಕರೆಂಟ್ ಹುಟ್ಟಿಸುತ್ತದೆ. ಬಿರುಕು ಅಡ್ಡ ಬಂದರೆ ಸುಳಿ ಕದಡುತ್ತದೆ, ಪರದೆಯ ಗೆರೆ ಜಿಗಿಯುತ್ತದೆ. ಬಣ್ಣದ ದ್ರವ ಹಚ್ಚಿ, ಒರೆಸಿ, ಬಿರುಕಿನಲ್ಲಿ ಉಳಿದ ಬಣ್ಣವನ್ನು ಹೊರಗೆ ಹೀರಿ ತೋರಿಸುವ ಬಿಳಿ ಪುಡಿ (ಡೆವಲಪರ್) ಸಿಂಪಡಿಸುವ ಡೈ ಪೆನೆಟ್ರಂಟ್ ವಿಧಾನ ಎಲ್ಲಕ್ಕಿಂತ ಅಗ್ಗ. ಆದರೆ ಅದಕ್ಕೆ ಲೋಹ ಪೂರ್ತಿ ಬರಿದಾಗಿರಬೇಕು, ಬಿರುಕು ಮೇಲಕ್ಕೆ ಬಾಯಿ ಬಿಟ್ಟಿರಬೇಕು.

1967ರ ಡಿಸೆಂಬರ್ 15ರಂದು ಅಮೆರಿಕದ ಓಹಾಯೊ ನದಿಯ ಮೇಲಿನ ಸಿಲ್ವರ್ ಬ್ರಿಜ್ ಕುಸಿದು 46 ಜನ ಸತ್ತರು. ಸೇತುವೆಯನ್ನು ಹಿಡಿದಿಟ್ಟ ಸರಪಳಿಯ ಒಂದು ಉಕ್ಕಿನ ಪಟ್ಟಿಯಲ್ಲಿ ಸುಮಾರು 2.5 ಮಿಲಿಮೀಟರ್ ಆಳದ ಬಿರುಕಿತ್ತು, ಅಷ್ಟೇ. ಆ ದುರಂತದ ನಂತರವೇ ಆ ದೇಶದಲ್ಲಿ ಸೇತುವೆಗಳ ತಪಾಸಣೆಗೆ ರಾಷ್ಟ್ರೀಯ ನಿಯಮ ಬಂದದ್ದು. ಎನ್‌ಡಿಟಿಯ ಮಹತ್ವ ಹೇಳುವಾಗ ಈ ಕಥೆಯನ್ನು ಎಲ್ಲರೂ ಎತ್ತುತ್ತಾರೆ. ಆದರೆ ಆ ಬಿರುಕು ಇದ್ದದ್ದು ಪಿನ್ ಕೂರುವ ತೂತಿನ ಒಳಮೈಯಲ್ಲಿ. ಜೋಡಣೆ ಬಿಚ್ಚದೆ ಅಲ್ಲಿಗೆ ಯಾವ ಯೋಕೂ ತಾಗುತ್ತಿರಲಿಲ್ಲ.