ಬಾಂಡ್ ಒಡೆದ್ರೆ ಶಕ್ತಿ ಹೊರಗೆ ಬರುತ್ತಾ? ಇಲ್ಲ, ಬರಲ್ಲ

ಪ್ರಶ್ನೆ: ಸರ್, ಬಾಂಡ್ ಒಡೆದಾಗ ಅದರೊಳಗಿರೋ ಶಕ್ತಿ ಹೊರಗೆ ಬರುತ್ತೆ, ಅದೇ ಬಹಿರುಷ್ಣಕ ಕ್ರಿಯೆ ಅಲ್ವಾ? ಹಾಗಾದ್ರೆ ಅಂತರುಷ್ಣಕ ಕ್ರಿಯೆಲಿ ಬಾಂಡ್ ಒಡೆಯೋದೇ ಇಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದೀನೋ ಲೆಕ್ಕ ಇಟ್ಟಿಲ್ಲ. ಹೈಸ್ಕೂಲ್ ಮಕ್ಕಳು ಕೇಳ್ತಾರೆ, ಡಿಗ್ರಿ ಓದೋರು ಕೇಳ್ತಾರೆ, ಬಯಾಲಜಿ ಪಾಠ ಮಾಡೋ ಮೇಷ್ಟ್ರುಗಳೂ ಕೇಳ್ತಾರೆ. ಪ್ರತಿ ಸಲ ಬೇರೆ ಬೇರೆ ಕಡೆ ಚೂರು ಚೂರು ಬರೆದು ಸಾಕಾಗಿದೆ, ಈ ಸಲ ಒಂದೇ ಕಡೆ ಪೂರ್ತಿ ಬರೆದಿಡ್ತೀನಿ, ಮುಂದೆ ಯಾರಾದ್ರೂ ಕೇಳಿದ್ರೆ ಇದನ್ನೇ ಓದೋಕೆ ಕೊಡಿ.

ಉತ್ತರ ಚಿಕ್ಕದು. ಬಾಂಡ್, ಅಂದ್ರೆ ಪರಮಾಣುಗಳನ್ನ ಒಂದಕ್ಕೊಂದು ಹಿಡಿದಿಡೋ ಬಂಧ, ಒಡೆಯೋಕೆ ಯಾವಾಗಲೂ ಶಕ್ತಿ ಕೊಡಬೇಕು. ಹೊಸ ಬಾಂಡ್ ಕೂಡಿಕೊಂಡಾಗ ಯಾವಾಗಲೂ ಶಕ್ತಿ ಹೊರಗೆ ಬರುತ್ತೆ. ಬಹಿರುಷ್ಣಕ ಇರಲಿ ಅಂತರುಷ್ಣಕ ಇರಲಿ, ಸಾಮಾನ್ಯವಾಗಿ ಎರಡರಲ್ಲೂ ಒಡೆಯೋದೂ ಇರುತ್ತೆ ಕೂಡೋದೂ ಇರುತ್ತೆ. ಕೊಟ್ಟಿದ್ದಕ್ಕಿಂತ ಬಂದಿದ್ದು ಜಾಸ್ತಿ ಆದ್ರೆ ಬಿಸಿ ಹೊರಗೆ ಬರುತ್ತೆ, ಅದು ಬಹಿರುಷ್ಣಕ. ಬಂದಿದ್ದು ಕಡಿಮೆ ಆದ್ರೆ ಆ ಕೊರತೆನ ಸುತ್ತಮುತ್ತಲಿಂದ ಎಳ್ಕೊಳ್ಳುತ್ತೆ, ಅದು ಅಂತರುಷ್ಣಕ. ಅಷ್ಟೇ.

ಇಷ್ಟಕ್ಕೇ ಎಲ್ಲರೂ ಒಪ್ಪಿದ್ರೆ ನಾನು ಇಲ್ಲಿಗೇ ಮುಗಿಸ್ತಿದ್ದೆ, ಆದ್ರೆ ಒಪ್ಪಲ್ಲ, ಯಾಕಂದ್ರೆ "ಬಾಂಡ್ ಒಳಗೆ ಶಕ್ತಿ ತುಂಬಿಟ್ಟಿರುತ್ತೆ, ಒಡೆದ್ರೆ ಹೊರಗೆ ಚೆಲ್ಲುತ್ತೆ" ಅನ್ನೋ ಚಿತ್ರ ತಲೇಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ನೀರು ತುಂಬಿದ ಬಲೂನಿಗೆ ಸೂಜಿ ಚುಚ್ಚಿದ ಹಾಗೆ. ಬಾಂಡ್ ಬಲೂನಲ್ಲ, ಬಾವಿ ಅಂದ್ಕೊಳ್ಳಿ. ಎರಡು ಪರಮಾಣು ಬಾಂಡ್ ಆಗಿವೆ ಅಂದ್ರೆ ಕೊಡ ಬಾವಿ ತಳಕ್ಕೆ ಬಿದ್ದಿದೆ ಅಂತ. ಬೀಳುವಾಗ ಧಡ್ ಅಂತ ಶಬ್ದ ಆಯ್ತಲ್ಲ, ಶಕ್ತಿ ಹೊರಗೆ ಬಂದಿದ್ದು ಆಗ. ಈಗ ಅದನ್ನ ಮೇಲಕ್ಕೆ ತರಬೇಕು ಅಂದ್ರೆ ನೀವೇ ಹಗ್ಗ ಎಳೀಬೇಕು. ಬಾಂಡ್ ಗಟ್ಟಿ ಅಂದ್ರೆ ಬಾವಿ ಆಳ, ಅಂದ್ರೆ ಕೊಡ ಇನ್ನೂ ಕೆಳಗಿದೆ, ಶಕ್ತಿ ಇನ್ನೂ ಕಡಿಮೆ ಇದೆ. ಗಟ್ಟಿ ಬಾಂಡಲ್ಲಿ ಜಾಸ್ತಿ ಶಕ್ತಿ ಇರುತ್ತೆ ಅನ್ನೋರು ಇದನ್ನ ಪೂರ್ತಿ ತಲೆಕೆಳಗೆ ಮಾಡ್ಕೊಂಡಿದಾರೆ.

ಬಾಯಿ ಮಾತು ಬೇಡ, ಲೆಕ್ಕ ಮಾಡೋಣ. ಹೈಡ್ರೋಜನ್ ಆಕ್ಸಿಜನ್ ಸೇರಿ ನೀರಾಗೋದು ತಗೊಳ್ಳಿ, ಎರಡು ಮೋಲ್ ಹೈಡ್ರೋಜನ್, ಒಂದು ಮೋಲ್ ಆಕ್ಸಿಜನ್ (ಮೋಲ್ ಅಂದ್ರೆ ಅಣುಗಳನ್ನ ಎಣಿಸೋ ಒಂದು ದೊಡ್ಡ ಅಳತೆ, ಡಜನ್ ಇದ್ದ ಹಾಗೆ). ಹೈಡ್ರೋಜನ್-ಹೈಡ್ರೋಜನ್ ಬಾಂಡ್ ಒಡೆಯೋಕೆ ಮೋಲಿಗೆ 436 ಕಿಲೋಜೌಲ್, ಎರಡಕ್ಕೆ 872. ಆಕ್ಸಿಜನ್ನಿನ ಜೋಡಿ ಬಾಂಡಿಗೆ 498. ಒಟ್ಟು 1370 ಕಿಲೋಜೌಲ್ ನಾವು ಕೊಡಬೇಕಾದ್ದು. ಆಮೇಲೆ ನೀರಿನ ಎರಡು ಮೋಲಲ್ಲಿ ನಾಲ್ಕು ಆಕ್ಸಿಜನ್-ಹೈಡ್ರೋಜನ್ ಬಾಂಡ್ ಕೂಡುತ್ತೆ, ಒಂದೊಂದಕ್ಕೆ ಸರಾಸರಿ 463, ಒಟ್ಟು 1852 ನಮ್ಮ ಕೈಗೆ ವಾಪಸ್. ಉಳಿತಾಯ 482. ಪ್ರಯೋಗದಲ್ಲಿ ಅಳೆದ್ರೆ, ನೀರು ಆವಿ ರೂಪದಲ್ಲೇ ಇದ್ರೆ, ಸುಮಾರು 484 ಬರುತ್ತೆ. ಒಡೆದಾಗಲೇ ಶಕ್ತಿ ಬರುತ್ತೆ ಅನ್ನೋದು ನಿಜ ಆಗಿದ್ರೆ ಈ ಲೆಕ್ಕದ ಚಿಹ್ನೆಗಳೆಲ್ಲ ಉಲ್ಟಾ ಆಗಿ, ನೀರು ತಾನಾಗೇ ಸಿಡಿದು ಹೈಡ್ರೋಜನ್ ಆಕ್ಸಿಜನ್ ಆಗ್ತಿತ್ತು. ಆಗಲ್ಲ. ನೀರನ್ನ ಒಡೆಯೋಕೆ ಕರೆಂಟ್ ಕೊಡಬೇಕು.

ಇನ್ನೊಂದು ಸಾಕ್ಷಿ. ಹೈಡ್ರೋಜನ್ ಆಕ್ಸಿಜನ್ ಎರಡನ್ನೂ ಒಂದೇ ಬಾಟಲಿಯಲ್ಲಿ ರೂಮಿನ ತಾಪಮಾನದಲ್ಲಿ ಬೆರೆಸಿಟ್ರೆ ಸುಮ್ಮನೆ ಇರುತ್ತೆ, ಒಂದು ಕಿಡಿ ತಾಗೋವರೆಗೆ. ಆ ಕಿಡಿ ಯಾಕೆ ಬೇಕು? ಹಳೇ ಬಾಂಡ್‌ಗಳನ್ನ ಸಡಿಲ ಮಾಡೋ ಮೊದಲ ಖರ್ಚು ಯಾರಾದ್ರೂ ಕೊಡಬೇಕಲ್ಲ, ಅದಕ್ಕೆ. ಒಮ್ಮೆ ಶುರುವಾದ್ರೆ ಹೊಸ ಬಾಂಡ್ ಕೂಡಿದ ಬಿಸಿನೇ ಪಕ್ಕದವುಗಳಿಗೆ ಕಿಡಿ ಆಗುತ್ತೆ. ಆ ಮೊದಲ ಖರ್ಚಿಗೇ ಸಕ್ರಿಯಣ ಶಕ್ತಿ ಅನ್ನೋದು. ಬೆಂಕಿಕಡ್ಡಿ ಗೀರೋದು ಇದಕ್ಕೇ.

"ಹಾಗಾದ್ರೆ ಸ್ಫೋಟ? ಅಲ್ಲಿ ಎಲ್ಲಾ ಒಡೆದೇ ಚೂರಾಗುತ್ತಲ್ಲ?" ಅಂತ ಈಗ ಕೇಳ್ತೀರಾ, ಗೊತ್ತು. ಸ್ಫೋಟಕಗಳಲ್ಲಿ ನೈಟ್ರೋಜನ್ ಯಾಕಷ್ಟು ಇರುತ್ತೆ ಯೋಚನೆ ಮಾಡಿ. ಅವುಗಳಲ್ಲಿ ನೈಟ್ರೋಜನ್ ಪರಮಾಣುಗಳು ಆಕ್ಸಿಜನ್ ಜೊತೆ, ಕಾರ್ಬನ್ ಜೊತೆ ಅಷ್ಟೇನೂ ಗಟ್ಟಿಯಿಲ್ಲದ ಬಾಂಡ್‌ಗಳಲ್ಲಿ ಇರುತ್ವೆ, ಅಂದ್ರೆ ಆಳ ಇಲ್ಲದ ಬಾವಿ. ಅಲ್ಲಿಂದ ಎದ್ದು ಎರಡೆರಡು ನೈಟ್ರೋಜನ್ ಸೇರಿ ತ್ರಿಬಂಧ, ಅಂದ್ರೆ ಮೂರೆಳೆ ಬಾಂಡ್, ಆಗ್ತವೆ, ಅದರ ಆಳ ಮೋಲಿಗೆ 945 ಕಿಲೋಜೌಲ್, ರಸಾಯನಶಾಸ್ತ್ರದಲ್ಲಿ ಇರೋ ಅತಿ ಗಟ್ಟಿ ಬಾಂಡ್‌ಗಳಲ್ಲಿ ಒಂದು. ಜೊತೆಗೆ ಕಾರ್ಬನ್ ಆಕ್ಸಿಜನ್ ಸೇರೋದೂ ಇದೆ. ಆ ಸದ್ದು, ಆ ಬಿಸಿ, ಎಲ್ಲಾ ಬರೋದು ಪರಮಾಣುಗಳು ಆಳದ ಬಾವಿಗೆ ಬಿದ್ದಾಗ. ಕಣ್ಣಿಗೆ ಕಾಣೋದು ಚೂರಾಗೋದು, ಒಳಗೆ ಶಕ್ತಿ ಕೊಡ್ತಿರೋದು ಕೂಡೋದು.

ಈ ತಪ್ಪು ಕಲ್ಪನೆ ಇಷ್ಟು ಹಠ ಹಿಡಿದು ಉಳಿಯೋಕೆ ಬಯಾಲಜಿ ಪಾಠದ ಎಟಿಪಿ, ಅಂದ್ರೆ ಜೀವಕೋಶದಲ್ಲಿ ಶಕ್ತಿ ಸಾಗಿಸೋ ಅಣು, ಒಂದು ದೊಡ್ಡ ಕಾರಣ. 1941ರಲ್ಲಿ ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ ಎಟಿಪಿಯ ಫಾಸ್ಫೇಟ್ ಬಂಧಗಳನ್ನ ಹೆಚ್ಚು ಶಕ್ತಿಯ ಬಂಧ ಅಂತ ಕರೆದು, ಅಲೆ ಥರದ ಒಂದು ಗೆರೆ ಎಳೆದು ತೋರಿಸಿದ್ರು. ಜೀವಕೋಶದ ಲೆಕ್ಕಕ್ಕೆ ಅದು ಬಹಳ ಉಪಯೋಗದ ಗುರುತು. ಆದ್ರೆ ಅದನ್ನ ಓದಿದೋರು "ಆ ಬಾಂಡ್ ಕಟ್ ಮಾಡಿದ್ರೆ ಶಕ್ತಿ ಬರುತ್ತೆ" ಅಂತ ಉರು ಹೊಡೆದ್ರು. ನಡೆಯೋದು ಏನಂದ್ರೆ, ಎಟಿಪಿ ನೀರಿನ ಜೊತೆ ಕ್ರಿಯೆ ಮಾಡುತ್ತೆ. ಅಲ್ಲೂ ಫಾಸ್ಫೇಟ್ ಬಂಧ ಒಡೆಯೋಕೆ ಖರ್ಚಿದೆ. ಆದ್ರೆ ನೀರಿನ ಭಾಗ ಬಂದು ಸೇರುತ್ತೆ, ಪಕ್ಕಪಕ್ಕದಲ್ಲಿ ಒಂದನ್ನೊಂದು ತಳ್ತಿದ್ದ ಋಣ ಆವೇಶಗಳು ದೂರ ಆಗ್ತವೆ, ಬಿಡಿಯಾದ ಫಾಸ್ಫೇಟನ್ನ ನೀರಿನ ಅಣುಗಳು ಚೆನ್ನಾಗಿ ಸುತ್ಕೊಳ್ತವೆ. ಇವೆಲ್ಲ ಸೇರಿ ಬರೋ ಆದಾಯ ಖರ್ಚಿಗಿಂತ ಜಾಸ್ತಿ, ಕೊನೆಗೆ ಮೋಲಿಗೆ ಸುಮಾರು 30.5 ಕಿಲೋಜೌಲ್ ಕೆಲಸಕ್ಕೆ ಸಿಗುತ್ತೆ. ಬಾಂಡನ್ನ ಮಾತ್ರ ಕತ್ತರಿಸಿ ಇಟ್ರೆ ಏನೂ ಸಿಗಲ್ಲ, ನಿಮ್ಮ ಕೈಯಿಂದಲೇ ಹೋಗುತ್ತೆ.

ಇಂಧನದಲ್ಲಿ ಶಕ್ತಿ ತುಂಬಿದೆ ಅನ್ನೋ ಮಾತೂ ಇದೇ ಜಾತಿದು. ಮೀಥೇನನ್ನ ನೈಟ್ರೋಜನ್ ತುಂಬಿದ ಡಬ್ಬೀಲಿ ಇಟ್ಟು ಕಿಡಿ ಕೊಡಿ, ಉರಿಯಲ್ಲ. ಶಕ್ತಿ ಮೀಥೇನ್ ಒಂದರದ್ದೇ ಅಲ್ಲ, ಮೀಥೇನ್ ಮತ್ತು ಆಕ್ಸಿಜನ್ ಇಬ್ಬರ ಜಂಟಿ ಖಾತೆದು. ಆಕ್ಸಿಜನ್ನಿನ ಜೋಡಿ ಬಾಂಡ್ 498 ಅಂದೆನಲ್ಲ, ಕಾರ್ಬನ್ ಡೈಆಕ್ಸೈಡಲ್ಲಿ ಅದೇ ಆಕ್ಸಿಜನ್ ಕಾರ್ಬನ್ ಜೊತೆ ಮಾಡೋ ಒಂದೊಂದು ಜೋಡಿ ಬಾಂಡ್ ಸುಮಾರು 799. ಉರಿಯೋದು ಇಷ್ಟು ಬಿಸಿ ಕೊಡೋದು ಬಹುಪಾಲು ಈ ವ್ಯತ್ಯಾಸದಿಂದ.

ಸರಿ, ಪ್ರಶ್ನೆಯ ಎರಡನೇ ಭಾಗ, ಅಂತರುಷ್ಣಕದ್ದು. ಗಾಳಿಯ ನೈಟ್ರೋಜನ್ ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗಬೇಕು ಅಂದ್ರೆ ಒಡೆಯೋ ಖರ್ಚು 945 ಮತ್ತು 498, ಒಟ್ಟು 1443. ಹುಟ್ಟೋ ಎರಡು ಬಾಂಡಿಂದ ವಾಪಸ್ ಬರೋದು 631ರಂತೆ 1262. 181 ಕಿಲೋಜೌಲ್ ಕೊರತೆ. ಬಾಂಡ್ ಒಡೀತು, ಕೂಡ್ತು, ಆದ್ರೂ ನಷ್ಟ. ಅದಕ್ಕೇ ನಾವು ಉಸಿರಾಡೋ ಗಾಳಿ ನೈಟ್ರಿಕ್ ಆಕ್ಸೈಡ್ ಆಗದೆ ಹಾಗೇ ಇದೆ, ಮಿಂಚು ಹೊಡೆದಾಗಲೋ ಇಂಜಿನ್ ಒಳಗಿನ ಕಾವಲ್ಲೋ ಮಾತ್ರ ಆಗುತ್ತೆ.

ಇಲ್ಲೇ ಒಂದು ಸಣ್ಣ ಗೊಂದಲ ಇದೆ, ಶಾಖ ಹೀರಿಕೊಳ್ಳುತ್ತೆ ಅಂದ್ಮೇಲೆ ಬಿಸಿ ಆಗಬೇಕಲ್ವಾ, ತಣ್ಣಗೆ ಯಾಕಾಗುತ್ತೆ ಅಂತ. ಒಂದು ಲೋಟ ನೀರಲ್ಲಿ ಸಿಟ್ರಿಕ್ ಆಸಿಡ್ ಕರಗಿಸಿ, ಥರ್ಮಾಮೀಟರ್ ಇಟ್ಟು, ಒಂದು ಚಮಚ ಅಡುಗೆ ಸೋಡಾ ಹಾಕಿ ನೋಡಿ. ಬುಸ್ ಅಂತ ನೊರೆ ಅಂಚಿನವರೆಗೆ ಏಳುತ್ತೆ, ನೋಡೋಕೆ ಕುದೀತಿರೋ ಹಾಗೇ ಇರುತ್ತೆ, ಆದ್ರೆ ಥರ್ಮಾಮೀಟರ್ ಕೆಳಗೆ ಇಳೀತಾ ಹೋಗುತ್ತೆ, ಲೋಟದ ಹೊರಗೆ ಕೈ ಇಟ್ರೆ ತಣ್ಣಗೆ ತಾಗುತ್ತೆ. ಕೊರತೆಯ ಶಕ್ತಿ ಬಂದಿದ್ದು ಲೋಟದ ನೀರಿಂದಲೇ, ಲೋಟದ ಗೋಡೆಯಿಂದ, ನಿಮ್ಮ ಅಂಗೈಯಿಂದ. ಅಣುಗಳ ಓಡಾಟದ ಶಕ್ತಿ ಹೋಗಿ ಬಾಂಡ್ ಲೆಕ್ಕಕ್ಕೆ ಜಮಾ ಆಯ್ತು, ಓಡಾಟ ಕಡಿಮೆ ಆದ್ರೆ ತಣ್ಣಗಾಗದೆ ಇನ್ನೇನು. ಈ ಪ್ರಯೋಗ ಮಾಡಿಸಿದಾಗ ಒಂದು ಹುಡುಗಿ ಲೋಟದಿಂದ ಕೈ ತೆಗೀದೇ "ಸರ್, ನನ್ನ ಕೈ ಬಿಸಿ ಅದು ತಿಂತಾ ಇದೆ" ಅಂದ್ಲು. ಪಾಠ ಮಾಡಿದ್ದಕ್ಕೆ ಅದಕ್ಕಿಂತ ಖುಷಿ ನನಗೆ ಸಿಕ್ಕಿಲ್ಲ.

ಈಗ ಯಾರೂ ಕೇಳದೇ ಇರೋ, ಆದ್ರೆ ಕೇಳಲೇಬೇಕಾದ ಪ್ರಶ್ನೆ. ನಷ್ಟದ ವ್ಯಾಪಾರ ಅಂದ್ಮೇಲೆ ಆ ಲೋಟದಲ್ಲಿ ಕ್ರಿಯೆ ತಾನಾಗೇ ಯಾಕೆ ನಡೀತು? ನಾವೇನೂ ಒಲೆ ಮೇಲೆ ಇಟ್ಟಿರಲಿಲ್ವಲ್ಲ. 19ನೇ ಶತಮಾನದಲ್ಲಿ ಡೆನ್ಮಾರ್ಕಿನ ಜೂಲಿಯಸ್ ಥಾಮ್ಸನ್, ಫ್ರಾನ್ಸಿನ ಮಾರ್ಸೆಲಾನ್ ಬರ್ತ್‌ಲೊ ಅಂಥ ಘಟಾನುಘಟಿಗಳೇ ಶಾಖ ಬಿಡೋ ದಿಕ್ಕಲ್ಲೇ ಕ್ರಿಯೆ ತಾನಾಗೇ ನಡೆಯುತ್ತೆ ಅಂತ ನಂಬಿದ್ರು. ತಪ್ಪು. ಶಕ್ತಿ ಕೆಳಗಿಳಿಯೋದು ಅರ್ಧ ಮಾತ್ರ, ಇನ್ನರ್ಧ ಎಷ್ಟು ಹರಡಿಕೊಳ್ಳುತ್ತೆ ಅನ್ನೋದು, ಅಂದ್ರೆ ಎಂಟ್ರೊಪಿ. 1870ರ ದಶಕದಲ್ಲಿ ಅಮೆರಿಕದ ವಿಲಾರ್ಡ್ ಗಿಬ್ಸ್ ಇವೆರಡನ್ನೂ ಒಂದೇ ಲೆಕ್ಕಕ್ಕೆ ತಂದ್ರು. ನಮ್ಮ ಲೋಟದಲ್ಲಿ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಹುಟ್ಟಿ ರೂಮೆಲ್ಲ ಹರಡ್ಕೊಳ್ತು, ಆ ಹರಡೋದೇ ಬಿಸಿಯ ನಷ್ಟನ ತುಂಬಿಕೊಡ್ತು.

ಈ ಎರಡನೇ ಅರ್ಧದ ಬಲ ಕಾವು ಏರಿದ ಹಾಗೆ ಜಾಸ್ತಿ ಆಗುತ್ತೆ. ಸುಣ್ಣದಕಲ್ಲು ಒಡೆದು ಸುಟ್ಟ ಸುಣ್ಣ ಆಗೋಕೆ ಮೋಲಿಗೆ 178 ಕಿಲೋಜೌಲ್ ಬೇಕು, ಎಂಟ್ರೊಪಿ ಹೆಚ್ಚೋದು ಕೆಲ್ವಿನ್ನಿಗೆ ಸುಮಾರು 0.16 ಕಿಲೋಜೌಲ್. ಎರಡೂ ಸರಿಸಮ ಆಗೋ ಕಾವು ಬೇಕಂದ್ರೆ ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ, 1112 ಕೆಲ್ವಿನ್, ಅಂದ್ರೆ ಸುಮಾರು 840 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಕೆಳಗೆ ಕಲ್ಲು ಬಹುಪಾಲು ಕಲ್ಲಾಗೇ ಇರುತ್ತೆ, ದಾಟಿದ್ರೆ ಗ್ಯಾಸ್ ಬಿಡ್ತಾ ಸುಣ್ಣ ಆಗುತ್ತೆ. ಭಟ್ಟಿಯಲ್ಲಿ ಆ ಗ್ಯಾಸ್ ಗಾಳಿ ಜೊತೆ ಹೊರಗೆ ಹೋಗ್ತಾ ಇದ್ರೆ ಇನ್ನೂ ಸ್ವಲ್ಪ ಕಡಿಮೆ ಕಾವಲ್ಲೂ ನಡೆಯುತ್ತೆ, ಬಾಯಿ ಮುಚ್ಚಿ ಗ್ಯಾಸನ್ನ ಒಳಗೇ ಕೂಡಿಹಾಕಿದ್ರೆ ಅದೇ ಕಾವಲ್ಲಿ ಅರ್ಧಕ್ಕೇ ನಿಂತುಬಿಡುತ್ತೆ.