ಎರಡು ಮನೆಹೆಸರಿನ ಮುತ್ತಜ್ಜ

"1901ರ ಜನಗಣತಿಯಲ್ಲಿ ನಮ್ಮ ಮುತ್ತಜ್ಜನ ಹೆಸರು ಇರಬೇಕಲ್ವಾ? ಎಲ್ಲಿ ನೋಡೋದು?" ವಂಶವೃಕ್ಷ ಬರೆಸಲು ನನ್ನ ಹತ್ತಿರ ಬರುವವರು ಹೆಚ್ಚಾಗಿ ಮೊದಲು ಕೇಳುವುದು ಇದನ್ನೇ. ಹೊರದೇಶದಲ್ಲಿರುವ ಮಕ್ಕಳು ಹಾಗೆ ಹೇಳಿ ಕಳಿಸಿರುತ್ತಾರೆ. ಇಂಗ್ಲೆಂಡಿನಲ್ಲಿ ನೂರು ವರ್ಷ, ಅಮೆರಿಕದಲ್ಲಿ 72 ವರ್ಷ ಕಳೆದರೆ ಮನೆಮನೆಯ ಗಣತಿ ಪಟ್ಟಿ ಜನರ ಕೈಗೆ ಸಿಗುತ್ತದೆ. ನಮ್ಮಲ್ಲಿ ಸಿಗುವುದಿಲ್ಲ. ಲೆಕ್ಕ ಕೂಡಿಸಿದ ಮೇಲೆ ಹೆಸರಿದ್ದ ಚೀಟಿಗಳನ್ನು ಕಾದಿಡುವ ಪದ್ಧತಿ ಇರಲಿಲ್ಲ. ಸಾಲದ್ದಕ್ಕೆ 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯ ಪುಸ್ತಕ, ಪಟ್ಟಿಗಳನ್ನು ಯಾರೂ ತೆರೆಸಿ ನೋಡುವಂತಿಲ್ಲ.

ಉಳಿದಿರುವುದು ಅಚ್ಚಾದ ವರದಿಗಳು. 1881ರಲ್ಲಿ ಕೊಡಗಿನ ಜನಸಂಖ್ಯೆ 1,78,302. 1901ರಲ್ಲಿ 1,80,607. 1911ರಲ್ಲಿ 1,74,976. ಇಲ್ಲಿ ಯಾರ ಅಜ್ಜನ ಹೆಸರೂ ಇಲ್ಲ. ಹಾಗಂತ ಇವು ದಂಡ ಅಲ್ಲ. ಯಾವ ಜಾತಿಯವರು ಎಷ್ಟು, ಹೊರಗೆ ಹುಟ್ಟಿ ಇಲ್ಲಿಗೆ ಬಂದವರು ಎಷ್ಟು ಎಂಬುದು ಗೊತ್ತಾಗುತ್ತದೆ. ಆಗ ಗಣತಿ ನಡೆಯುತ್ತಿದ್ದುದು ಫೆಬ್ರುವರಿ, ಮಾರ್ಚ್ ಹೊತ್ತಿಗೆ. ಕಾಫಿ ತೋಟದ ಕೆಲಸಕ್ಕೆ ಮೈಸೂರು ಸೀಮೆಯಿಂದ ಬಂದವರು ಇನ್ನೂ ಇಲ್ಲೇ ಇರುವ ಕಾಲ ಅದು. "ನಮ್ಮ ಅಜ್ಜ ಮೇಸ್ತ್ರಿ ಜೊತೆ ಘಟ್ಟಕ್ಕೆ ಬಂದು ಇಲ್ಲೇ ನಿಂತರಂತೆ" ಎಂಬ ಮಾತು ಮನೆಯಲ್ಲಿದ್ದರೆ, ಅದನ್ನು ತೂಗಿ ನೋಡಲು ಈ ವರದಿಗಳು ಬೇಕು.

ಊರು ಹುಡುಕುವಾಗ ಇನ್ನೊಂದು ತೊಡಕಿದೆ. ಹಳೆಯ ಕಾಗದದಲ್ಲಿ ಈಗಿನ ತಾಲ್ಲೂಕಿನ ಹೆಸರು ಇರುವುದಿಲ್ಲ. ಪಡಿನಾಲ್ಕುನಾಡು, ಯಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ, ಏಳುಸಾವಿರ ಸೀಮೆ ಎಂದು ಇರುತ್ತದೆ. ಫ್ರೇಸರ್‌ಪೇಟೆ ಅಂದರೆ ಕುಶಾಲನಗರ. ಅರೆಭಾಷೆ ಗೌಡರ ಮನೆತನವಾದರೆ ಸುಳ್ಯದ ಕಡೆಗೂ ಕಣ್ಣು ಹಾಯಿಸಬೇಕು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಹಾಗಾಗಿ ಒಂದೇ ಕುಟುಂಬದ ಕಾಗದ ಅರ್ಧ ಮಡಿಕೇರಿ ಕಡೆ, ಅರ್ಧ ಮಂಗಳೂರು ಕಡೆ ಹಂಚಿಹೋಗಿರುತ್ತದೆ.

ಇನ್ನು ನಾನು ಹೇಳಬೇಕೆಂದಿರುವ ಪ್ರಕರಣ. ನಾಪೋಕ್ಲು ಕಡೆಯ ಒಂದು ಕೊಡವ ಒಕ್ಕದವರು (ಒಕ್ಕ ಅಂದರೆ ಒಂದೇ ಮನೆಹೆಸರಿನ ಕುಲ) ತಮ್ಮ ಮುತ್ತಜ್ಜ ಯಾರ ಮಗ ಎಂದು ಗೊತ್ತಾಗದೆ ಬಂದಿದ್ದರು. ಹೆಸರು ಪೊನ್ನಪ್ಪ ಅಂತ ಇಟ್ಟುಕೊಳ್ಳೋಣ. ಇವರ ಹತ್ತಿರ ಇದ್ದ ಜಮ್ಮಾ (ವಂಶಪಾರಂಪರ್ಯದ ಹಿಡುವಳಿ) ಜಮೀನಿನ ದಾಖಲೆಯ ನಕಲಿನಲ್ಲಿ ಪೊನ್ನಪ್ಪ ಇದ್ದಾನೆ, ಹೆಸರಿನ ಹಿಂದೆ ಇವರದೇ ಮನೆಹೆಸರು ಇದೆ. ಆದರೆ ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಹಿರಿಯರು ಯಾರನ್ನು ಕೇಳಿದರೂ ಅವನ ಅಪ್ಪನ ಹೆಸರು ಬರುವುದಿಲ್ಲ, ಅಣ್ಣತಮ್ಮಂದಿರ ಹೆಸರೂ ಇಲ್ಲ. ಆಕಾಶದಿಂದ ಇಳಿದು ಬಂದ ಹಾಗೆ ಒಬ್ಬನೇ ನಿಂತಿದ್ದಾನೆ.

ಅತ್ತ ವಿರಾಜಪೇಟೆ ಕಡೆಯ ಇನ್ನೊಂದು ಒಕ್ಕದಲ್ಲೂ ಒಬ್ಬ ಪೊನ್ನಪ್ಪ ಇದ್ದ. ಅವನು ಬೇರೆಯವನು ಎಂದು ಎರಡೂ ಮನೆಯವರು ನಂಬಿದ್ದರು. ಕಾರಣ ಇಷ್ಟೆ. ಆ ಮನೆಯ ಲೆಕ್ಕದ ಪುಸ್ತಕದಲ್ಲಿ ಪೊನ್ನಪ್ಪನ ಮಾದದ (ಸತ್ತವರಿಗೆ ಮಾಡುವ ತಿಥಿಯ) ಖರ್ಚು ಬರೆದ ಹಾಳೆ ಇದೆ, ಮೇಲೆ "ಜಯ ಸಂವತ್ಸರ" ಎಂದಿದೆ. ಜಯ ಅಂದರೆ 1834, ರಾಜರ ಕಾಲ ಮುಗಿದ ವರ್ಷ. ಚಿಕ್ಕವೀರರಾಜೇಂದ್ರನ ಪಡೆಯಲ್ಲಿದ್ದು ಸತ್ತವನು ಎಂಬ ಕಥೆಯೂ ಹುಟ್ಟಿಕೊಂಡಿತ್ತು. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1834-35 ಹೇಗೆ ಜಯವೋ 1894-95 ಕೂಡ ಹಾಗೇ ಜಯ.

ಎರಡರಲ್ಲಿ ಯಾವುದು? ಉತ್ತರ ಆ ಹಾಳೆಯಲ್ಲೇ ಇತ್ತು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ ಎಂದು ಸಾಲಾಗಿ ಬರೆದು, ಕೊನೆಯ ಹತ್ತಿರ "ಸೀಮೆಎಣ್ಣೆ ಎರಡು ಬಾಟ್ಲಿ" ಎಂದಿದೆ. 1834ರಲ್ಲಿ ಕೊಡಗಿನಲ್ಲಿ ಏನು, ಲಂಡನ್ನಿನಲ್ಲೂ ದೀಪಕ್ಕೆ ಸೀಮೆಎಣ್ಣೆ ಮಾರುತ್ತಿರಲಿಲ್ಲ. ಅದು ವ್ಯಾಪಾರಕ್ಕೆ ಬಂದಿದ್ದೇ 1850ರ ದಶಕದ ಈಚೆಗೆ. ಅಲ್ಲಿಗೆ ಈ ಜಯ 1894ರದು. ರಾಜನ ಪಡೆಯ ಕಥೆ ಬಿಟ್ಟುಬಿಡಬೇಕಾಯಿತು. ಆ ಮನೆಯ ಹಿರಿಯರಿಗೆ ಬೇಸರವಾಯಿತು. ನನಗೂ ಆಯಿತು. ಆದರೆ ಇಬ್ಬರು ಪೊನ್ನಪ್ಪರ ನಡುವೆ ಇದ್ದ ಅರವತ್ತು ವರ್ಷದ ಅಂತರ ಅಲ್ಲಿಗೆ ಇಲ್ಲವಾಯಿತು.

ಕಾಲ ಒಂದೇ ಆದರೆ ಸಾಕಾಗುವುದಿಲ್ಲ. ಪೊನ್ನಪ್ಪ, ಮುತ್ತಣ್ಣ, ಬೆಳ್ಯಪ್ಪ ಎಂಬ ಹೆಸರುಗಳು ಅಜ್ಜನಿಂದ ಮೊಮ್ಮಗನಿಗೆ ದಾಟುತ್ತಲೇ ಇರುತ್ತವೆ. ಹೆಸರನ್ನು ಮಾತ್ರ ನಂಬಿದರೆ ಯಾರನ್ನಾದರೂ ಯಾರ ಮಗನನ್ನಾಗಿಯಾದರೂ ಮಾಡಬಹುದು. ಒಬ್ಬ ವ್ಯಕ್ತಿಯನ್ನು ಗಟ್ಟಿ ಮಾಡಿಕೊಳ್ಳಲು ನಾನು ಯಾವಾಗಲೂ ಕೇಳುವುದು ಒಂದೇ: ಹೆಂಡತಿ ಯಾವ ಮನೆಯ ಹುಡುಗಿ?

ನಾಪೋಕ್ಲಿನವರಿಗೆ ಇದು ಗೊತ್ತಿರಲಿಲ್ಲ. "ಮುತ್ತಜ್ಜಿ ಈ ಮನೆಗೆ ಬಂದವರಲ್ವಾ, ತವರು ಯಾವುದೋ ಏನೋ" ಅಂದರು. ಇಂಥ ಪ್ರಶ್ನೆಗೆ ನಾನು ಅರುವ ಮನೆಯವರ ಹತ್ತಿರ ಹೋಗುತ್ತೇನೆ. ಪ್ರತಿ ಒಕ್ಕಕ್ಕೂ ಅದರ ಪರವಾಗಿ ನಿಂತು ಮಾತಾಡುವ ಒಂದು ಅರುವ ಮನೆ ಇರುತ್ತದೆ. ಮದುವೆಯಲ್ಲಿ ಸಂಬಂಧ ಅಡಕುವಾಗ, ಅಂದರೆ ಹುಡುಗಿಯನ್ನು ಗಂಡಿನ ಒಕ್ಕಕ್ಕೆ ಸೇರಿಸುವ ಶಾಸ್ತ್ರದಲ್ಲಿ, ಎರಡೂ ಕಡೆಯ ಅರುವರು ಎದುರುಬದುರು ನಿಂತು ಮಾತಾಡುತ್ತಾರೆ. ಹುಡುಗಿಯ ಹಕ್ಕಿನ ಗುರುತಾಗಿ ಹನ್ನೆರಡು ಕಲ್ಲಿನಲ್ಲಿ ಹನ್ನೊಂದನ್ನು ಗಂಡಿನ ಕಡೆಗೆ ಕೊಟ್ಟು ಒಂದನ್ನು ತವರಿಗೆ ಉಳಿಸಿಕೊಳ್ಳುತ್ತಾರೆ. ಯಾವ ಹುಡುಗಿ ಎಲ್ಲಿಂದ ಎಲ್ಲಿಗೆ ಹೋದಳು ಎಂಬುದು ಸರ್ಕಾರದ ಕಾಗದಕ್ಕಿಂತ ಅರುವರ ಮನೆಯಲ್ಲಿ ಚೆನ್ನಾಗಿ ನೆನಪಿರುತ್ತದೆ.

ಅರುವ ಮನೆಯ ಹಿರಿಯರೊಬ್ಬರು ತಡಮಾಡದೆ ಹೇಳಿದರು. ಆ ಮುತ್ತಜ್ಜಿ ಎಲ್ಲಿಂದಲೋ ಬಂದವರಲ್ಲ, ನಾಪೋಕ್ಲಿನ ಆ ಮನೆಯಲ್ಲೇ ಹುಟ್ಟಿದ ಮಗಳು. ಆ ತಲೆಮಾರಿನಲ್ಲಿ ಒಕ್ಕ ಮುಂದುವರಿಸಲು ಗಂಡು ಮಕ್ಕಳೇ ಇರಲಿಲ್ಲ.

ಅಲ್ಲಿಗೆ ವಿಷಯ ತಿಳಿಯಾಯಿತು. ಪೊನ್ನಪ್ಪ ಈ ಮನೆಯಲ್ಲಿ ಹುಟ್ಟಿದವನಲ್ಲ, ವಿರಾಜಪೇಟೆಯ ಒಕ್ಕದಲ್ಲಿ ಹುಟ್ಟಿ ಈ ಮನೆಯ ಮಗಳನ್ನು ಮದುವೆಯಾದವನು. ಒಕ್ಕ ಅಳಿಯಬಾರದು ಎಂದು ಕೊಡವರಲ್ಲಿ ಎರಡು ಪದ್ಧತಿ ಇದ್ದವು. ಒಕ್ಕಪರಿಜೆಯಲ್ಲಿ ಗಂಡ ತನ್ನ ಒಕ್ಕ ಬಿಟ್ಟು ಹೆಂಡತಿಯ ಒಕ್ಕಕ್ಕೇ ಸೇರುತ್ತಾನೆ. ಮಕ್ಕಪರಿಜೆಯಲ್ಲಿ ಗಂಡ ತನ್ನ ಒಕ್ಕದವನಾಗಿಯೇ ಉಳಿಯುತ್ತಾನೆ, ಹುಟ್ಟುವ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಪೊನ್ನಪ್ಪನದು ಯಾವುದು ಎಂಬುದಕ್ಕೆ ಮಾದದ ಹಾಳೆಯೇ ಸಾಕ್ಷಿ. ಅವನು ಒಕ್ಕ ಬದಲಿಸಿದ್ದರೆ ಮಾದದ ಖರ್ಚು ನಾಪೋಕ್ಲಿನ ಮನೆಯ ಲೆಕ್ಕದಲ್ಲಿ ಇರಬೇಕಿತ್ತು. ಅದು ಹುಟ್ಟಿದ ಮನೆಯ ಪುಸ್ತಕದಲ್ಲಿದೆ. ಹಾಗಾಗಿ ಇದು ಮಕ್ಕಪರಿಜೆ.

ಹಾಗಾದರೆ ಜಮೀನಿನ ನಕಲಿನಲ್ಲಿ ಅವನಿಗೆ ಹೆಂಡತಿಯ ಮನೆಹೆಸರು ಹೇಗೆ ಬಂತು? ಮೂಲ ಸಾಲನ್ನು ನಿಧಾನವಾಗಿ ಓದಿದರೆ ಗೊತ್ತಾಗುತ್ತದೆ. ಮೊದಲು ಮನೆಹೆಸರು, ಆಮೇಲೆ "ಪೊನ್ನಪ್ಪನ ಮಗ", ಆಮೇಲೆ ಮಗನ ಹೆಸರು. ಮನೆಹೆಸರು ಮಗನದು. ನಡುವೆ ಅಪ್ಪನ ಹೆಸರು ಕೂತಿದ್ದರಿಂದ ಅದು ಅಪ್ಪನದು ಅನ್ನಿಸುತ್ತದೆ. ಮುಂದೆ ನಕಲು ಮಾಡಿದವರು ಮಗನನ್ನು ಬಿಟ್ಟು ಮನೆಹೆಸರು ಮತ್ತು ಪೊನ್ನಪ್ಪ ಎರಡನ್ನೇ ಎತ್ತಿಕೊಂಡರು. ಇಲ್ಲದ ಒಬ್ಬ ಮನುಷ್ಯ ಹೀಗೆ ಹುಟ್ಟಿಕೊಂಡ.

ಒಂದು ಮಾತನ್ನು ನಾನು ಒತ್ತಿ ಹೇಳಬೇಕು. ಅಜ್ಜ ಸಿಗದಿದ್ದಾಗ ಜನ ಮತ್ತೆ ಮತ್ತೆ ಅಜ್ಜನನ್ನೇ ಹುಡುಕುತ್ತಾರೆ. ಒಕ್ಕದ ಯಜಮಾನನಾದ ಪಟ್ಟೇದಾರನ ಹೆಸರಿನಲ್ಲೇ ಎಲ್ಲ ಕಾಗದ ಇರುವುದರಿಂದ ಹಾಗೆ ಅಭ್ಯಾಸವಾಗಿದೆ. ಹೆಂಗಸರ ಹೆಸರು ಆ ಕಾಗದಗಳಲ್ಲಿ ಬಹಳ ಕಡಿಮೆ. ಆದರೆ ನಾನು ನೋಡಿದ ಮಟ್ಟಿಗೆ ಗಂಟು ಬಿಚ್ಚುವುದು ಹೆಚ್ಚಾಗಿ ಅಜ್ಜಿಯ ಕಡೆಯಿಂದ. ಗಂಡ ಸತ್ತ ಮೇಲೆ ಅವನ ತಮ್ಮನನ್ನೇ ಮದುವೆಯಾದ ಅಜ್ಜಿಯರಿದ್ದಾರೆ. ಅಲ್ಲೂ ಮಕ್ಕಳನ್ನು ಯಾರ ಹೆಸರಿಗೆ ಬರೆಯಬೇಕು ಎಂಬುದು ಅವಳ ಕಥೆ ತಿಳಿದರೆ ಮಾತ್ರ ಗೊತ್ತಾಗುತ್ತದೆ.

ಜಮ್ಮಾ ಇಲ್ಲದವರ ಕಷ್ಟ ಇನ್ನೂ ಜಾಸ್ತಿ. ಎರವರು, ಹೊಲೆಯರು, ತೋಟದ ಕೂಲಿಯವರು ಹಳೆಯ ಭೂದಾಖಲೆಯಲ್ಲಿ ಸುಮ್ನೆ "ಆಳು" ಎಂಬ ಲೆಕ್ಕವಾಗಿ ಉಳಿದಿದ್ದಾರೆ. ಇದು ಅನ್ಯಾಯ, ಮನಸ್ಸಿಗೆ ನೋವಾಗುತ್ತದೆ. ಕ್ರೈಸ್ತರಾದ ಕುಟುಂಬಗಳಿಗೆ ಚರ್ಚಿನ ದೀಕ್ಷಾಸ್ನಾನದ ಪುಸ್ತಕ ದೊಡ್ಡ ಆಸರೆ. ವಿರಾಜಪೇಟೆಯ ಸೇಂಟ್ ಆನ್ಸ್ ಚರ್ಚ್ 1792ರಷ್ಟು ಹಳೆಯದು. 1850ರ ದಶಕದಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಅವರು ಕಟ್ಟಿದ ಆನಂದಪುರದ ಸಭೆ ಸಿದ್ದಾಪುರದ ಹತ್ತಿರ ಇದೆ. ಉಳಿದವರು ತೋಟದ ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ), ಶಾಲೆಯ ದಾಖಲಾತಿ ಪುಸ್ತಕ ನೋಡಬೇಕು. ಎಲ್ಲಕ್ಕಿಂತ ಮೊದಲು ಹಾಡಿಯ, ಲೈನ್‌ಮನೆಯ ಹಿರಿಯರ ಮಾತನ್ನು ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕು.

ನಾಪೋಕ್ಲಿನವರ ವಂಶವೃಕ್ಷದಲ್ಲಿ ಈಗ ಮುತ್ತಜ್ಜಿ ಮೇಲಿದ್ದಾರೆ, ಪೊನ್ನಪ್ಪ ಅವರ ಪಕ್ಕದಲ್ಲಿ ತನ್ನ ಹುಟ್ಟಿದ ಮನೆಯ ಹೆಸರಿನೊಂದಿಗೆ ಇದ್ದಾನೆ. ಎರಡೂ ಮನೆಯವರು ಒಟ್ಟಿಗೆ ಕೂತು ಇದನ್ನು ಒಪ್ಪಿಕೊಂಡರು. ವಿರಾಜಪೇಟೆಯಲ್ಲಿ ಪೊನ್ನಪ್ಪನಿಗೆ ಇದಕ್ಕೂ ಮೊದಲು ಒಂದು ಮದುವೆಯಾಗಿತ್ತು ಎಂಬ ಮಾತು ಆಗ ಎದ್ದಿತು. ಆ ಹೆಂಡತಿಯ ತವರು ಯಾವುದು ಎಂದು ಈಗ ಆ ಒಕ್ಕದ ಅರುವ ಮನೆಯಲ್ಲಿ ಕೇಳಬೇಕಾಗಿದೆ.