ಪದ ಪರಿಚಯ: ವಶೀಕರಣ

'ವಶ' ಎಂದರೆ ಅಧೀನ, ಹಿಡಿತ. ವಶದಲ್ಲಿ ಇಲ್ಲದ್ದನ್ನು ವಶಕ್ಕೆ ತರುವುದು ವಶೀಕರಣ. ನಡುವೆ ಬಂದಿರುವ ಆ 'ಈ'ಕಾರಕ್ಕೆ ಸಂಸ್ಕೃತ ವ್ಯಾಕರಣದಲ್ಲಿ 'ಹಾಗಿಲ್ಲದ್ದನ್ನು ಹಾಗೆ ಮಾಡು' ಎಂಬ ಅರ್ಥವೇ ಇದೆ. ಎದುರಿನವರು ಈಗ ಒಪ್ಪಿಲ್ಲ ಎಂಬುದು ಪದದೊಳಗೇ ಕೂತಿದೆ ಎಂದಾಯಿತು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಮಾತಿನಲ್ಲಿ ಇದು 'ಮದ್ದು ಹಾಕ್ಯಾರ', 'ಮಾಟ ಮಾಡಸ್ಯಾರ' ಎಂದಾಗುತ್ತದೆ. ದಖನಿ ಉರ್ದುವಿನ ಮನೆಗಳಲ್ಲಿ 'ಜಾದೂ'. 'ಭಾನಾಮತಿ' ಬೇರೆ. ಮನೆ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು ಇಂಥವಕ್ಕೆ ಈ ಭಾಗದಲ್ಲೂ ಪಕ್ಕದ ತೆಲಂಗಾಣದಲ್ಲೂ ಇರುವ ಹೆಸರು ಅದು, ಹಗೆಯಿಂದ ಮಾಡಿಸಿದ್ದು ಎಂಬ ನಂಬಿಕೆಯೊಡನೆ. ವಶೀಕರಣವನ್ನು ಮಾತ್ರ ಜನ ಹಗೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡ ಮನೆಗೆ ಬರಲಿ, ಹುಡುಗಿ ಒಪ್ಪಲಿ, ಮಗ ಮಾತು ಕೇಳಲಿ ಅಂತ ಮಾಡಿಸಿದ್ದು, ಯಾರಿಗೂ ಕೇಡು ಬಯಸಿಲ್ಲವಲ್ಲ ಎನ್ನುತ್ತಾರೆ. ತಂತ್ರಗ್ರಂಥಗಳು ಹಾಗೆ ಬಿಡಿಸಿ ಇಟ್ಟಿಲ್ಲ. ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಷಟ್ಕರ್ಮಗಳಲ್ಲಿ ವಶ್ಯವೂ ಒಂದು. ಒಬ್ಬರ ಮಾತು ಕಟ್ಟುವ, ಇಬ್ಬರ ನಡುವೆ ಹಗೆ ಹುಟ್ಟಿಸುವ, ಜೀವ ತೆಗೆಯುವ ಕೆಲಸಗಳ ಸಾಲಿನಲ್ಲೇ ಅದರ ಜಾಗ.

ಇದೇ ಪದದ ಇನ್ನೊಂದು ಬಳಕೆಯನ್ನು ಮರೆಯಬಾರದು. ಪತಂಜಲಿ ವೈರಾಗ್ಯವನ್ನು ವಿವರಿಸುವಾಗ 'ವಶೀಕಾರ' ಎನ್ನುತ್ತಾನೆ. ಅಲ್ಲಿ ವಶಕ್ಕೆ ಬರಬೇಕಾದದ್ದು ಸ್ವಂತ ಆಸೆ. ಬಸವಕಲ್ಯಾಣದ ನೆಲದಲ್ಲಿ ಬದುಕಿದ ಬಸವಣ್ಣನೂ ವಶ್ಯ ಬಲ್ಲೆವೆಂದು ಹೇಳಿಕೊಳ್ಳುವವರನ್ನು ಗಾವಿಲರೆಂದು, ಅಂದರೆ ತಿಳಿಗೇಡಿಗಳೆಂದು ಕರೆದು, ಶಿವಮಂತ್ರವೇ ಸರ್ವಜನವಶ್ಯ ಎಂದ.

ನೀತಿಯ ಪ್ರಶ್ನೆಗೆ ಉತ್ತರ ಕನ್ನಡದ ಒಂದು ಧಾತುವಿನಲ್ಲೇ ಸಿಗುತ್ತದೆ. ಒಲವು, ಒಲಿ, ಒಲಿಸು, ಒಲ್ಲೆ ಇವೆಲ್ಲ ಹುಟ್ಟಿದ್ದು 'ಒಲ್' ಎಂಬ ಒಂದೇ ಬೇರಿನಿಂದ. 'ನಾ ಒಲ್ಲೆ' ಎನ್ನಲು ಬರುವವರು ಮಾತ್ರ ಒಲಿಯಬಲ್ಲರು. ಒಲಿಸುವವನು ಕೇಳುತ್ತಾನೆ, ಕಾಯುತ್ತಾನೆ, ಒಲ್ಲೆ ಎಂದರೆ ಸರಿಯುತ್ತಾನೆ. ವಶ ಮಾಡಿಸುವವನಿಗೆ ಆ ಒಲ್ಲೆಯೇ ಬೇಡವಾಗಿರುತ್ತದೆ. ಮಂತ್ರ ಫಲಿಸುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ಫಲಿಸುವುದಿಲ್ಲ ಎಂದು ಖಚಿತವಾಗಿ ತಿಳಿದವರೂ, ಮಾಡಿಸಿದವನ ಉದ್ದೇಶವನ್ನು ಒಲ್ಲೆ ಬೇಡವೆಂದ ಅದೊಂದರಿಂದಲೇ ತೂಗಬಹುದು.

ಹಾಗಾದರೆ ದೇವರಿಗೆ ಹರಕೆ ಹೊರುವುದು? ಶರಣಬಸವೇಶ್ವರನ ಗುಡಿಯಲ್ಲಿ ಕಾಯಿ ಒಡೆಸಿ, ಬಂದೇನವಾಜರ ದರ್ಗಾದಲ್ಲಿ ದುವಾ ಮಾಡಿ 'ನಮ್ಮ ಜಗಳ ತೀರಲಿ' ಎಂದರೆ ಅದು ವಶೀಕರಣವಲ್ಲ. ಅದನ್ನು ಎದುರಿನವರ ಮುಂದೆ ಬಾಯಿಬಿಟ್ಟು ಹೇಳಬಹುದು, ಕೇಳಿದವರು ಮುಖ ತಿರುಗಿಸಿದರೂ ಅವರಿಗೇನೂ ಆಗುವುದಿಲ್ಲ. ಅವರಿಗೆ ಗೊತ್ತಾಗಬಾರದು ಎಂದು ಮುಚ್ಚಿಡಬೇಕಾದ್ದು ಬಂತೆಂದರೆ ಗೆರೆ ದಾಟಿದಂತೆ. ಇಸ್ಲಾಮಿನಲ್ಲೂ ಸಿಹ್ರ್, ಅಂದರೆ ಮಾಟ, ಮಹಾಪಾಪಗಳ ಸಾಲಿನದು. ಗಂಡನ ಮನಸ್ಸು ತಿರುಗಿಸಲು ಕಟ್ಟುವ ತಾಯತಕ್ಕೆ ಹದೀಸಿನಲ್ಲಿ, ಅಂದರೆ ಪ್ರವಾದಿಯ ನುಡಿಗಳಲ್ಲಿ, ಬೇರೆ ಹೆಸರೇ ಇದೆ, ನಿಷೇಧವೂ ಇದೆ.

ವಶೀಕರಣ ಮಾಡುವವರು ಸಾಮಾನ್ಯವಾಗಿ ಕೇಳುವುದು ಹೆಸರು, ತಾಯಿಯ ಹೆಸರು, ಫೋಟೊ, ತಲೆಗೂದಲು, ಉಟ್ಟ ಬಟ್ಟೆಯ ತುಂಡು; ಜೊತೆಗೆ ಲಿಂಬಿಹಣ್ಣು, ಅಮಾಸಿ ರಾತ್ರಿ. ಮೊದಲು ಕೆಲವು ನೂರು ರೂಪಾಯಿ. ಫಲ ಕಾಣದಿದ್ದರೆ 'ಎದುರಿನವರ ಕಡೆಯಿಂದ ಕಟ್ಟು ಬಿದ್ದಾದ, ಬಿಡಿಸಬೇಕು' ಎಂದು ಇನ್ನಷ್ಟು. ನಡುವೆ ಬಿಟ್ಟರೆ ಮಂತ್ರ ತಿರುಗಿ ನಿಮಗೇ ಬಡಿಯುತ್ತದೆ ಎಂಬ ಹೆದರಿಕೆ ಮೂರನೆಯ ಮೆಟ್ಟಿಲು. ಕೊಟ್ಟ ಫೋಟೊ, ಹೇಳಿಕೊಂಡ ಮನೆಯ ಗುಟ್ಟು ಅವರ ಕೈಯಲ್ಲೇ ಇರುವುದರಿಂದ ಬ್ಲ್ಯಾಕ್‌ಮೇಲ್ ಸುಲಭ. ಮುಖ್ಯವಾಗಿ ನೋಡಬೇಕಾದದ್ದು, ಆ ಫೋಟೊದಲ್ಲಿರುವವರು ಇದಕ್ಕೆ ಒಪ್ಪಿಯೇ ಇರುವುದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಊಟದಲ್ಲಿ ಬೆರೆಸಿ ತಿನ್ನಿಸುವ ಮದ್ದು. ಮಂತ್ರ ಗಾಳಿಯಲ್ಲಿ ಹೋದೀತು, ಮದ್ದು ಹೊಟ್ಟೆಗೆ ಹೋಗುತ್ತದೆ. ಮಹಾಭಾರತದ ವನಪರ್ವದಲ್ಲಿ ಗಂಡಂದಿರನ್ನು ಹೇಗೆ ವಶದಲ್ಲಿಟ್ಟೆ ಎಂದು ಸತ್ಯಭಾಮೆ ಕೇಳಿದಾಗ ದ್ರೌಪದಿ ಸಿಡಿಮಿಡಿಗೊಳ್ಳುತ್ತಾಳೆ: ಹೆಂಡತಿ ಮಂತ್ರ, ಬೇರು ಮಾಡುತ್ತಾಳೆಂದು ತಿಳಿದ ಗಂಡ ಮನೆಯಲ್ಲಿ ಹಾವಿದ್ದಂತೆ ಅಂಜುತ್ತಾನೆ, ಹಾಗೆ ಮಾಡಿದವರ ಗಂಡಂದಿರು ಜಲೋದರ, ಕುಷ್ಠ, ಕುರುಡು, ಕಿವುಡಿಗೆ ಬಿದ್ದಿದ್ದಾರೆ. ಎಚ್ಚರಿಕೆ ಅಷ್ಟು ಹಳೆಯದು. ಇಂಥ ಮದ್ದಿನಲ್ಲಿ ದತ್ತೂರಿ ಬೀಜ ಸೇರಿದ್ದರೆ ಅದರ ಆಟ್ರೊಪಿನ್, ಸ್ಕೊಪಾಲಮಿನ್ ಸುಮಾರು ಅರ್ಧದಿಂದ ಒಂದು ಗಂಟೆಯೊಳಗೆ ಕೆಲಸ ಶುರುಮಾಡುತ್ತವೆ. ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆ ಬಡಿತ ಏರುತ್ತದೆ, ಮೂತ್ರ ಕಟ್ಟುತ್ತದೆ, ಇಲ್ಲದ್ದು ಕಾಣುತ್ತದೆ. ಆ ಮಂಕನ್ನೇ 'ವಶವಾದ' ಎಂದು ನಂಬಿಸುವುದುಂಟು. ಬೀಜದಿಂದ ಬೀಜಕ್ಕೆ ವಿಷದ ಪ್ರಮಾಣ ಬದಲಾಗುವುದರಿಂದ 'ಇಷ್ಟೇ ಹಾಕಿದರೆ ಏನಾಗಲ್ಲ' ಎಂಬ ಅಳತೆ ಯಾರಿಗೂ ಗೊತ್ತಿಲ್ಲ. ಮದ್ದಿನಲ್ಲಿ ಸಿಂಧೂರ ಸೇರಿದ್ದರೆ, ಕೆಲವು ಸಿಂಧೂರಗಳಲ್ಲಿ ಸೀಸವಿರುತ್ತದೆ. ಅದು ದಿನದಿನವೂ ಮೈಯಲ್ಲಿ ಕೂಡುತ್ತ ಹೋಗುತ್ತದೆ.

ಮದ್ದು ತೆಗೆಯುವವರ ಹತ್ತಿರ ಹೋಗಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಕೇಡೇ. ರಕ್ತದಲ್ಲಿ ಸೋಡಿಯಂ ಏರಿ ಮೂರ್ಛೆ ಬರಬಹುದು, ಮಂಪರಿನಲ್ಲಿದ್ದವರ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಉಳಿದ ಊಟವನ್ನು ಡಬ್ಬಿಯಲ್ಲಿ ಹಾಕಿಕೊಂಡು ನೇರ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಎಂಬುದನ್ನು ನಾಚಿಕೆಯಿಲ್ಲದೆ ವೈದ್ಯರಿಗೆ ಹೇಳಬೇಕು. ಅಂಬ್ಯುಲೆನ್ಸಿಗೆ 108.

ಕಾನೂನು ಉದ್ದೇಶದ ಸಿಹಿಯನ್ನು ನೋಡುವುದಿಲ್ಲ. ಕೆಡುಕಾದೀತೆಂದು ತಿಳಿದೂ ವಿಷ ಅಥವಾ ಮತ್ತಿನ ಪದಾರ್ಥ ತಿನ್ನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮಿನಡಿ 10 ವರ್ಷದವರೆಗೆ ಸೆರೆ. ನಂಬಿಸಿ ಹಣ ಕಿತ್ತರೆ 318ನೇ ಕಲಮು, 7 ವರ್ಷದವರೆಗೆ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅದರಡಿ 1ರಿಂದ 7 ವರ್ಷ ಸೆರೆ, 5,000ದಿಂದ 50,000 ರೂಪಾಯಿ ದಂಡ. ಪೂಜೆ, ಪ್ರಾರ್ಥನೆ, ಯಾತ್ರೆ, ಕೀರ್ತನೆಗಳನ್ನು ಆ ಕಾಯ್ದೆ ಮುಟ್ಟುವುದಿಲ್ಲ. ದೂರಿಗೆ 112, ಹೆಣ್ಣುಮಕ್ಕಳಿಗೆ 181 ಕೂಡ ಇದೆ.

ಮಾಡಿಸುವವರ ತಪ್ಪಿನಷ್ಟೇ ಆರೋಪಿಸುವವರ ತಪ್ಪೂ ದೊಡ್ಡದು. ಭಾನಾಮತಿ ಮಾಡಿದರೆಂಬ ಗುಮಾನಿಯ ಮೇಲೆ ಮಂತ್ರ ಹೇಳಬಾರದೆಂದು ಹಲ್ಲು ಕಿತ್ತ ಘಟನೆಗಳು ತೆಲಂಗಾಣದಲ್ಲಿ ನಡೆದಿವೆ. ಅಷ್ಟು ಕ್ರೂರವಲ್ಲದ, ದಿನವೂ ನಡೆಯುವ ರೂಪ ಮನೆಯೊಳಗಿದೆ. ಮಗ ತಾನೇ ಮೆಚ್ಚಿ ಮದುವೆಯಾದ; ಮನೆಯವರು 'ಸೊಸಿ ಮದ್ದು ಹಾಕ್ಯಾಳ' ಎಂದರು. ಆ ಒಂದು ಮಾತು ಸೊಸೆಯನ್ನು ಅಪರಾಧಿ ಮಾಡುತ್ತದೆ, ಮಗನಿಗೆ ಸ್ವಂತ ಮನಸ್ಸೇ ಇಲ್ಲವೆನ್ನುತ್ತದೆ. ಅವನು ಒಲಿದದ್ದನ್ನು ಮನೆಯವರು ಕಸಿದುಕೊಂಡಂತಾಯಿತು. ತಾಯತ ಕಟ್ಟಿಸಲು ಹೊರಡುವ ಮೊದಲು ಅವನನ್ನು ಕೂಡಿಸಿಕೊಂಡು 'ನಿನ್ನ ಮನಸ್ಸಿನಾಗ ಏನದ ಹೇಳಪ್ಪ' ಎಂದು ಕೇಳುವ ಕೆಲಸ ಬಾಕಿ ಇರುತ್ತದೆ.